ಬದರಿನಾಥರ ಟ್ರಾಮು

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದರೂ ಬದರಿನಾಥರು ತಾವು ಬಸ್ ಡ್ರೈವರ್ ಎಂದು ಯಾರ ಮುಂದೆಯೂ ಬಾಯಿಬಿಟ್ಟವರಲ್ಲ. ಮೈಸೂರಿನ ನೆಂಟರು ಫೋನಿನಲ್ಲಿ ವಿಚಾರಿಸಿದರೆ "ಟ್ರಾನ್ಸ್‌ಪೋರ್ಟ್ ಸೈಡಲ್ಲಿದೀನಿ" ಅನ್ನುತ್ತಿದ್ದರು. ನ್ಯೂಜಿಲೆಂಡಿನ ಪೊರಿರುವಾ ಪಟ್ಟಣದಲ್ಲಿ ಕನ್ನಡದವರೆಲ್ಲ ಸೇರುವ ಯುಗಾದಿ ಊಟದಲ್ಲಿ ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರು "ಅಂಕಲ್, ನೀವೇನ್ ಮಾಡ್ಕೊಂಡಿದೀರಾ?" ಅಂದರೆ ಸಾಕು, ಅವರಿಗೆ ತಕ್ಷಣ ಪಲ್ಯ ಬೇಕಾಗಿಬಿಡುತ್ತಿತ್ತು. ತಟ್ಟೆ ಹಿಡಿದು ಎದ್ದೇ ಹೋಗುತ್ತಿದ್ದರು. ಡ್ರೈವರ್ ಆಗುವುದರಲ್ಲಿ ನಾಚಿಕೆ ಏನಿದೆ ಸ್ವಾಮಿ? ಏನೂ ಇಲ್ಲ. ಆದರೆ ಈ ಮನುಷ್ಯ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನಿಯರಾಗಿ ಕೈಕೆಳಗೆ ಜನ ಇಟ್ಟುಕೊಂಡು ಮೆರೆದವರು. ನಲವತ್ತು ದಾಟಿದ ಮೇಲೆ ಹೆಂಡತಿ ಚಂದ್ರಿಕಾ ಅವರನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಬಂದರು. ಇಲ್ಲಿಯ ಕಂಪನಿಗಳು "ಈ ದೇಶದ ಅನುಭವ ಇಲ್ಲವಲ್ಲ" ಎಂದು ನಯವಾಗಿ ನಕ್ಕು ಬಾಗಿಲು ಹಾಕಿಕೊಂಡವು. ಕೊನೆಗೆ ಪೊರಿರುವಾದಿಂದ ಉತ್ತರಕ್ಕೆ ಎರಡು ಗಂಟೆ ದಾರಿಯ ಈ ಪುಟ್ಟ ಊರಿನಲ್ಲಿ ಬಸ್ಸಿನ ಸ್ಟಿಯರಿಂಗ್ ಸಿಕ್ಕಿತು. ಊರಿನವರ ಬಾಯಲ್ಲಿ ಬದರಿ ಹೊರಳದೆ 'ಬ್ಯಾರಿ' ಆದರು.

ಅವರ ಬಸ್ಸು ಓಡುತ್ತಿದ್ದುದು ಹಳೆಯ ಟ್ರಾಮಿನ ದಾರಿಯಲ್ಲಿ. ನೂರು ವರ್ಷಕ್ಕೂ ಹಿಂದೆ ಈ ಊರಿಗೆ ದೊಡ್ಡ ಪಟ್ಟಣ ಅನ್ನಿಸಿಕೊಳ್ಳುವ ಹುಚ್ಚು ಹಿಡಿದಿತ್ತು. ಜನ ಇದ್ದದ್ದು ಬೆರಳೆಣಿಕೆಯಷ್ಟು. ಆದರೂ ರೈಲು ನಿಲ್ದಾಣದಿಂದ ಪೇಟೆ ಬೀದಿ ಹಾಯ್ದು, ನದಿಯ ಪಕ್ಕದಲ್ಲೇ ಸಮುದ್ರದವರೆಗೂ ಕಂಬಿ ಹಾಕಿ ಟ್ರಾಮು ಬಿಟ್ಟರು. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡ ಸಂಸಾರಗಳು ಅದರಲ್ಲಿ ನೇತಾಡಿಕೊಂಡು ಕಡಲಿಗೆ ಹೋಗುತ್ತಿದ್ದವಂತೆ. ನಲವತ್ತು ವರ್ಷ ಮುದ್ದು ಮಾಡಿದರು. ಆಮೇಲೆ ಬಸ್ಸು ಬಂತು, ಟ್ರಾಮು ದರಿದ್ರ ಅನ್ನಿಸಿತು. ಕೊನೆಯ ಓಟದ ದಿನ ಜನ ಅದರ ಗಂಟೆ, ಚರ್ಮದ ಹಿಡಿಪಟ್ಟಿ, ಸೀಟಿನ ಹಲಗೆ ಎಲ್ಲವನ್ನೂ ನೆನಪಿಗೆ ಬೇಕು ಅಂತ ಕಿತ್ತುಕೊಂಡು ಹೋದರು. ಉಳಿದ ಅಸ್ಥಿಪಂಜರಗಳನ್ನು ಹರಾಜು ಹಾಕಿದರು. ಒಂದು ಯಾರದೋ ಕಡಲ ಬದಿಯ ರಜೆಯ ಗುಡಿಸಲಾಯಿತು, ಇನ್ನೊಂದು ಹಳ್ಳಿಯ ಕೋಳಿಗೂಡಾಯಿತು. ಕಂಬಿ ಕೀಳುವ ಖರ್ಚೂ ಬೇಡವೆಂದು ಮೇಲೆ ಟಾರು ಸುರಿದರು. ಇವತ್ತಿಗೂ ಚರಂಡಿಗೆಂದು ಬೀದಿ ಅಗೆದರೆ ಆ ಕಂಬಿ ಮುಖ ತೋರಿಸುತ್ತದೆ, ಆಗ ಎಲ್ಲರೂ ಸುತ್ತ ನಿಂತು "ಎಂಥಾ ಕಾಲ!" ಎಂದು ನಿಟ್ಟುಸಿರು ಬಿಡುತ್ತಾರೆ. ಬಿಸಾಕುವಾಗ ಇಲ್ಲದ ಪ್ರೀತಿ ಎಲ್ಲಿಂದ ಉಕ್ಕಿ ಬರುತ್ತದೋ, ಆ ದೇವರಿಗೇ ಗೊತ್ತು.

ಹೀಗೆ ನಿಟ್ಟುಸಿರು ಬಿಡುವವರಲ್ಲಿ ನಿಜವಾಗಿ ಕೆಲಸಕ್ಕೆ ಇಳಿದವನು ಟ್ರೆವರ್ ಎಂಬ ಮುದುಕ. ಅವನ ಅಪ್ಪ ಟ್ರಾಮಿನ ಡ್ರೈವರ್ ಆಗಿದ್ದವನು. ಕಸಾಯಿ ಅಂಗಡಿ ನಡೆಸಿ ನಿವೃತ್ತನಾದ ಟ್ರೆವರ್, ಹತ್ತಾರು ಜನರನ್ನು ಸೇರಿಸಿ ಸಂಘ ಕಟ್ಟಿ, ಕೋಳಿಗೂಡಾಗಿದ್ದ ಟ್ರಾಮನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ನದಿ ದಂಡೆಯ ಶೆಡ್ಡಿನಲ್ಲಿ ನಿಲ್ಲಿಸಿದ. ಶೆಡ್ಡಿನಿಂದ ಕೆಳಗೆ ಹಳೆಯ ದೋಣಿಕಟ್ಟೆಯವರೆಗೆ ಒಂದು ತುಂಡು ಇಳಿಜಾರು. ಅಷ್ಟಕ್ಕೆ ಹೊಸ ಕಂಬಿ ಹಾಕಿಸಿದ. ದಿನಾ ಬದರಿನಾಥರ ಬಸ್ಸಿನಲ್ಲೇ ಓಡಾಡುತ್ತಿದ್ದವನು ಒಂದು ದಿನ ಮಾತಿಗೆ ಮಾತು ಬಂದು ರೈಲ್ವೆ ವರ್ಕ್‌ಶಾಪಿನ ಸಂಗತಿ ಕೇಳಿದ್ದೇ, ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದ: "ಬ್ಯಾರಿ, ನೀನು ಇಂಜಿನಿಯರ್ ಅಂತ ಇಷ್ಟು ವರ್ಷ ಯಾಕಯ್ಯಾ ಹೇಳಲಿಲ್ಲ?"

ಈ ದೇಶದಲ್ಲಿ ಅವರನ್ನು ಆ ಹೆಸರಿನಿಂದ ಕರೆದ ಮೊದಲ ಬಾಯಿ ಅದು. ಬದರಿನಾಥರು ಮುಂದಿನ ಸ್ಟಾಪಿನಲ್ಲಿ ಕೈಯೆತ್ತಿ ನಿಂತಿದ್ದ ಹೆಂಗಸನ್ನು ಹತ್ತಿಸಿಕೊಳ್ಳದೇ ಹೋಗಿಬಿಟ್ಟರು.

ಅಲ್ಲಿಂದ ಮುಂದೆ ಎಲ್ಲ ಶನಿವಾರವೂ ಅವರದು ಶೆಡ್ಡಿನಲ್ಲೇ ಠಿಕಾಣಿ. ಕೋಳಿಯ ಹಿಕ್ಕೆ ಕೆರೆದರು, ಗೆದ್ದಲು ತಿಂದ ಹಲಗೆ ಬದಲಾಯಿಸಿದರು. ಟ್ರಾಮು ಮತ್ತೆ ಓಡುವ ದಿನ ಅದನ್ನು ಓಡಿಸುವ ಹಿಡಿ ಹಿಡಿಯುವವನು ನೀನೇ ಎಂದು ಟ್ರೆವರ್ ಎಲ್ಲರ ಮುಂದೆ ಮಾತು ಕೊಟ್ಟಿದ್ದ. ಬದರಿನಾಥರಿಗೆ ಜೀವ ಇದ್ದದ್ದೇ ಆ ದಿನಕ್ಕೆ. ಬಸ್ಸಿನ ಒಂದು ಫೋಟೋ ತೆಗೆಸಿಕೊಳ್ಳದ ಮನುಷ್ಯ, ಟ್ರಾಮಿನ ಹಿತ್ತಾಳೆ ಹಿಡಿಯ ಮೇಲೆ ಕೈಯಿಟ್ಟು ನಿಂತ ಫೋಟೋವನ್ನು ಮೈಸೂರಿನ ಎಲ್ಲ ನೆಂಟರಿಗೂ ಕಳಿಸಿದರು. ಯುಗಾದಿ ಊಟದಲ್ಲಿ ಈ ಸಲ ತಟ್ಟೆ ಹಿಡಿದು ಓಡಿಹೋಗಲಿಲ್ಲ. ಬದಲಿಗೆ ಓಡಿಹೋಗಬೇಕು ಅನ್ನಿಸಿದ್ದು ಕೇಳುವವರಿಗೆ.

ಬ್ರೇಕಿನ ಕೆಲಸಕ್ಕೆ ವಜೀರನನ್ನು ಕರೆತಂದವರೂ ಅವರೇ. ವಜೀರ್ ಹುಬ್ಬಳ್ಳಿಯವನು, ಈ ಊರಿನಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದ. ದೊಡ್ಡ ಬಾಯಿ, ಇನ್ನೂ ದೊಡ್ಡ ಜಂಬ. ಟ್ರಾಮಿನ ಕೈಬ್ರೇಕನ್ನು ಹೊಸದಾಗಿ ಕೂಡಿಸಿದ. ಹಿಡಿ ತಿರುಗಿಸಿದರೆ ಅಡಿಯಲ್ಲಿ ಸರಪಳಿ ಬಿಗಿದು ಚಕ್ರವನ್ನು ಹಿಡಿದುಕೊಳ್ಳಬೇಕು, ಅಷ್ಟೇ ಅದರ ಸಂಸಾರ.

"ಈ ವಜೀರ್ ಕೈ ಇಟ್ಟ ಬ್ರೇಕ್ ಐತಲ್ರೀ ಅಣ್ಣಾರ, ಅದು ಒಂದ್ ಇರಿವಿನ್ನೂ ತುಳಿಯಂಗಿಲ್ಲ," ಅನ್ನುತ್ತಿದ್ದ.

"ಜಾಸ್ತಿ ಹಾರಾಡಬೇಡವೋ, ಮೊದಲು ಸರಪಳಿಗೆ ಗ್ರೀಸ್ ಹಾಕು," ಎಂದು ಬದರಿನಾಥರು ಗದರಿಸುತ್ತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ತಮಾಷೆ. ಶನಿವಾರ ಮಧ್ಯಾಹ್ನ ಚಂದ್ರಿಕಾ ಕಟ್ಟಿಕೊಟ್ಟ ಚಿತ್ರಾನ್ನ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

ಇಲ್ಲಿ ಅಕ್ಟೋಬರಿನಲ್ಲಿ ಬರುವ ಲೇಬರ್ ಡೇ ರಜೆಯ ವಾರಾಂತ್ಯಕ್ಕೆ ಉದ್ಘಾಟನೆ ಗೊತ್ತಾಯಿತು. ಅದಕ್ಕೆ ಒಂದು ವಾರ ಮುಂಚೆ, ಸಂಘದವರಷ್ಟೇ ಹತ್ತಿ ನೋಡುವ ಪರೀಕ್ಷಾ ಓಟ. ಮಹಾನವಮಿಯೂ ಆ ವಾರವೇ ಬಂತು. ಆಯುಧಪೂಜೆ ಮಾಡದೆ ಹೊಸ ಸ್ಕೂಟರನ್ನೂ ಬೀದಿಗೆ ಇಳಿಸದ ಮನೆತನ ಬದರಿನಾಥರದು. ಸಂಘದ ಸಭೆಯಲ್ಲಿ ಕೇಳಿದರು: ಒಂಚೂರು ಕುಂಕುಮ, ಕರ್ಪೂರ, ಒಂದು ಕುಂಬಳಕಾಯಿ. ಮರದ ಶೆಡ್ಡಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಹೊಸ ಬಣ್ಣಕ್ಕೆ ಏನೂ ಬಳಿಯುವಂತಿಲ್ಲ ಅಂದರು ಸಂಘದವರು. ಅದು ನ್ಯಾಯವೇ. ಆದರೆ ಹಿಂದೆ ಕೂತಿದ್ದ ಯಾರೋ ಒಬ್ಬ "ಬ್ಯಾರಿ, ಕುಂಬಳಕಾಯಿ ಇರೋದು ಸೂಪಿಗೆ" ಅಂದ. ಎಲ್ಲರೂ ನಕ್ಕರು. ಬದರಿನಾಥರೂ ನಕ್ಕರು. ಮನೆಗೆ ಬಂದವರು ಶೂ ಬಿಚ್ಚಿ ಗೋಡೆಗೆ ಎಸೆದರು.

"ಪೂಜೆ ಮಾಡೇ ಮಾಡ್ತೀನಿ. ಇವರ ಅಪ್ಪಣೆ ಯಾವನಿಗೆ ಬೇಕು!" ಅಂದರು ಹೆಂಡತಿಗೆ.

ಬೂದುಗುಂಬಳ ಈ ಊರಿನಲ್ಲಿ ಎಲ್ಲಿ ಸಿಗಬೇಕು? ಇಲ್ಲಿಯ ಕನ್ನಡದವರೆಲ್ಲ ಅದರ ಬದಲಿಗೆ ಕ್ರೌನ್ ಕುಂಬಳ ಒಡೆಯುತ್ತಾರೆ; ಹೊರಗೆ ಬೂದಿ ಬಣ್ಣ, ಒಳಗೆ ಹಳದಿ. ಚಂದ್ರಿಕಾ ಒಂದು ತಂದುಕೊಟ್ಟರು. ಸಾಲದು, ಕಂಬಿ ಎರಡು ಇವೆಯಲ್ಲ ಎಂದು ಬದರಿನಾಥರು ಇನ್ನೊಂದು ತರಿಸಿದರು. ಪರೀಕ್ಷಾ ಓಟದ ದಿನ ಬೆಳಗಾಗುತ್ತಲೇ, ಯಾರೂ ಬರುವ ಮುಂಚೆ, ತಮ್ಮಲ್ಲಿದ್ದ ಬೀಗದ ಕೈಯಿಂದ ಶೆಡ್ಡು ತೆಗೆದರು. ಹೊಸ ಬಣ್ಣಕ್ಕೆ ಕಲೆಯಾಗದಂತೆ ಕಾಗದದ ಮೇಲೆ ಕುಂಕುಮ ಇಟ್ಟು ಅಂಟಿಸಿದರು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಕರ್ಪೂರ ಉರಿಯುವ ಕುಂಬಳಕಾಯಿ ಎತ್ತಿ ಟ್ರಾಮಿಗೆ ಮೂರು ಸುತ್ತು ಇಳಿತೆಗೆದು, ಶೆಡ್ಡಿನ ಬಾಗಿಲಾಚೆ, ಇಳಿಜಾರು ಶುರುವಾಗುವ ಜಾಗದಲ್ಲಿ ಒಂದೊಂದು ಕಂಬಿಯ ಮೇಲೆ ಒಂದೊಂದನ್ನು ರಪ್ಪನೆ ಒಡೆದರು. ಮನಸ್ಸು ತಣ್ಣಗಾಯಿತು.

ದೃಷ್ಟಿ ತೆಗೆದ ಕಾಯನ್ನು ಕೈಯಲ್ಲಿ ಮುಟ್ಟಬಾರದು, ಚಿಕ್ಕಂದಿನಿಂದ ಬಂದ ರೂಢಿ. ಆದ್ದರಿಂದ ಕಸಬರಿಕೆಯಿಂದ ಹೋಳುಗಳನ್ನು ತಳ್ಳಿ ಚೀಲಕ್ಕೆ ತುಂಬಿದರು, ಕುಂಕುಮದ ಕಾಗದವನ್ನೂ ಕಿತ್ತು ಅದಕ್ಕೇ ಹಾಕಿದರು. ಕಂಬಿಗೆ ಮೆತ್ತಿದ ತಿರುಳು, ಬೀಜ, ಲೋಳೆಯನ್ನು ಒರೆಸಲು ಹೋಗಲಿಲ್ಲ. ಮೇಲೆ ಜಿನುಗು ಮಳೆ ಬೇರೆ ಶುರುವಾಗಿತ್ತು. ರೈಲಿನ ಕಂಬಿಯ ಮೇಲೆ ಒಂದು ಹಸಿ ಎಲೆ ಅಂಟಿದರೂ ಚಕ್ರ ಜಾರುತ್ತದೆ ಎಂದು ವರ್ಕ್‌ಶಾಪಿನಲ್ಲಿ ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದ ಮಹಾಶಯರು! ಪ್ರತಿವರ್ಷ ಆಯುಧಪೂಜೆಯ ಮರುದಿನ ಮೈಸೂರಿನ ಬೀದಿಯಲ್ಲಿ ಕುಂಬಳಕಾಯಿಯ ಮೇಲೆ ಜಾರಿಬಿದ್ದು ಮಂಡಿ ಒಡೆದುಕೊಳ್ಳುವವರನ್ನು ಕಂಡು ಬೆಳೆದವರು! ಅವರಿಗೆ ಇದು ಹೊಳೆಯಲೇ ಇಲ್ಲ. ಪೂಜೆಯಿಂದ ಕೆಡುಕಾಗಬಹುದು ಎಂದು ಯೋಚಿಸುವ ಜಾಗವೇ ಅವರ ತಲೆಯಲ್ಲಿ ಇರಲಿಲ್ಲ.

ಹತ್ತು ಗಂಟೆಗೆ ಎಲ್ಲರೂ ಮಳೆಗೆ ತಲೆ ತಗ್ಗಿಸಿ ಓಡಿಬಂದು, ಕಂಬಿಯ ಕಡೆ ನೋಡದೆ ಹತ್ತಿದರು. ಟ್ರೆವರ್ ಮುಂದೆ, ಬದರಿನಾಥರ ಪಕ್ಕದಲ್ಲೇ, ತೆರೆದ ಮೆಟ್ಟಿಲಿನ ಮೇಲೆ ನಿಂತ. ಅಪ್ಪ ನಿಲ್ಲುತ್ತಿದ್ದ ಜಾಗ ಅದು ಅಂದ. ಟ್ರಾಮು ನಿಂಬೆಹಣ್ಣು ಹಿಸುಕಿ ಹೊರಟಿತು, ಕುಂಬಳದ ಲೋಳೆಯನ್ನು ಚಕ್ರಕ್ಕೆಲ್ಲ ಬಳಿದುಕೊಂಡು ಇಳಿಜಾರಿಗೆ ಇಳಿಯಿತು. ಬದರಿನಾಥರು ಹಿಡಿ ತಿರುಗಿಸಿದರು. ಬ್ರೇಕು ಗಕ್ಕನೆ ಹಿಡಿಯಿತು. ಅಂಗೈಯಲ್ಲಿ ಅದು ಹಿಡಿದದ್ದು ಅವರಿಗೆ ಸ್ಪಷ್ಟವಾಗಿ ಗೊತ್ತಾಯಿತು. ಚಕ್ರ ತಿರುಗುವುದನ್ನು ನಿಲ್ಲಿಸಿತು, ಟ್ರಾಮು ಮಾತ್ರ ನಿಲ್ಲಲಿಲ್ಲ. ಎಣ್ಣೆ ಸವರಿದ ಕಾವಲಿಯ ಮೇಲೆ ದೋಸೆ ಜಾರುವ ಹಾಗೆ ಸದ್ದಿಲ್ಲದೆ ಜಾರುತ್ತಾ ಹೋಗಿ ಕೆಳಗೆ ಕಂಬಿ ಮುಗಿಯುವಲ್ಲಿ ಹಾಕಿದ್ದ ಅಡ್ಡತಡೆಗೆ ಗುದ್ದಿತು. ವೇಗ ಏನೂ ಇರಲಿಲ್ಲ. ಒಳಗೆ ಕೂತವರಿಗೆ ಒಂದು ಕುಲುಕು, ಅಷ್ಟೇ. ಮೆಟ್ಟಿಲ ಮೇಲಿದ್ದ ಟ್ರೆವರ್ ಕಲ್ಲಿನ ಮೇಲೆ ಬಿದ್ದ. ಸೊಂಟ ಮುರಿಯಿತು. ಆ ವಯಸ್ಸಿಗೆ ಸೊಂಟ ಮುರಿದರೆ ಆಮೇಲೇನು ಎಂದು ಎಲ್ಲರಿಗೂ ಗೊತ್ತಿದೆ. ಆಸ್ಪತ್ರೆಯಲ್ಲಿ ನ್ಯುಮೋನಿಯ ಆಗಿ ಒಂದು ತಿಂಗಳೊಳಗೆ ತೀರಿಕೊಂಡ.

ಟ್ರಾಮು ಗುದ್ದಿದ ದಿನ ಬದರಿನಾಥರು ಮನೆಗೆ ಬಂದವರೇ ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡರು. "ಬ್ರೇಕ್ ಗಕ್ ಅಂತ ಹಿಡೀತು ಕಣೇ. ಆದ್ರೂ ಜಾರಿಬಿಡ್ತು. ಕುಂಬಳಕಾಯಿ ಕಣೇ, ಹಾಳಾದ್ದು ಕುಂಬಳಕಾಯಿ!"

"ಹಾಗಾದ್ರೆ ಹೋಗಿ ಹೇಳಿಬಿಡಿ. ಬೇಕೂಂತ ಮಾಡಿದ್ದಲ್ಲವಲ್ಲ," ಅಂದರು ಚಂದ್ರಿಕಾ.

"ಏನಂತ ಹೇಳ್ಲಿ? ನನ್ನ ಹೆಂಡತಿ ತಂದುಕೊಟ್ಟ ಕುಂಬಳಕಾಯಿಯಿಂದ ಟ್ರೆವರ್ ಸಾಯೋ ಹಾಗಾದ ಅಂತ ಹೇಳ್ಲಾ? ಒಂದಲ್ಲ, ಎರಡು ತಂದವಳು ನೀನು!"

ನೋಡಿ ಹೇಗಿದೆ! ಇನ್ನೊಂದು ತಾ ಎಂದು ಅಂಗಡಿಗೆ ಓಡಿಸಿದ್ದ ಬಾಯೇ ಅದು. ಚಂದ್ರಿಕಾ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷ ಜೊತೆಗಿದ್ದವರಿಗೆ ಎಲ್ಲಿ ಚುಚ್ಚಿದರೆ ಬಾಯಿ ಮುಚ್ಚುತ್ತದೆ ಎಂದು ಗೊತ್ತಿರುತ್ತದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ತನಿಖೆಗೆ ಒಬ್ಬ ಅಧಿಕಾರಿ ಬಂದ. ಅಷ್ಟರಲ್ಲಿ ಎರಡು ದಿನ ಸುರಿದ ಮಳೆ ಕಂಬಿಯನ್ನೂ ಚಕ್ರವನ್ನೂ ತೊಳೆದು ಫಳಫಳ ಮಾಡಿತ್ತು. ಗುದ್ದಿದ ಏಟಿಗೆ ಬ್ರೇಕಿನ ಸರಪಳಿ ಕಳಚಿ ಜೋತಾಡುತ್ತಿತ್ತು. ಗುದ್ದುವ ಮೊದಲೇ ಕಳಚಿತ್ತೋ, ಗುದ್ದಿದ ಮೇಲೆ ಕಳಚಿತೋ? ಅದನ್ನು ಬಲ್ಲವನು ಜಗತ್ತಿನಲ್ಲಿ ಒಬ್ಬನೇ, ಹಿಡಿ ಹಿಡಿದಿದ್ದವನು.

"ನೀವು ಏನು ಮಾಡಿದಿರಿ?" ಎಂದು ಅಧಿಕಾರಿ ಕೇಳಿದ.

"ಹಿಡಿ ತಿರುಗಿಸಿದೆ. ನಿಲ್ಲಲಿಲ್ಲ," ಅಂದರು ಬದರಿನಾಥರು.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಅವರು ತಮಗೇ ಹೇಳಿಕೊಂಡರು. ಅಂದರೆ ಬ್ರೇಕ್ ಕೈಕೊಟ್ಟಿತು ಎಂದು ಅಧಿಕಾರಿ ಬರೆದುಕೊಂಡ. ಅವನು ಬರೆಯುವುದನ್ನು ಇವರು ನೋಡುತ್ತಾ ಕೂತರು. ಬ್ರೇಕ್ ಕೂಡಿಸಿದವನು ಯಾರು ಎಂದು ಮುಂದಿನ ಪ್ರಶ್ನೆ ಬಂತು. ಅದಕ್ಕೆ ಉತ್ತರ ಕೊಡಲು ಬದರಿನಾಥರಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ.

ವಜೀರ್ ಜಗಳಾಡಿದ್ದರೆ ಚೆನ್ನಾಗಿತ್ತು. ಆ ದೊಡ್ಡ ಬಾಯಿ ಅವತ್ತೇ ಮುಚ್ಚಿಹೋಯಿತು. ಶೆಡ್ಡಿನ ಬೀಗದ ಕೈ ವಾಪಸ್ ಕೊಡು ಎಂದು ಸಂಘದವರು ಹೇಳುವವರೆಗೂ ಪ್ರತಿ ಶನಿವಾರ ಬಂದು ಟ್ರಾಮಿನ ಅಡಿಗೆ ತೂರಿಕೊಂಡ. ಬ್ರೇಕನ್ನು ಪೂರ್ತಿ ಬಿಚ್ಚುವುದು, ಒಂದೊಂದು ಕೊಂಡಿಯನ್ನೂ ಒರೆಸಿ ಕಣ್ಣಿಗೆ ಹಿಡಿದು ನೋಡುವುದು, ಮತ್ತೆ ಕೂಡಿಸುವುದು. ಬ್ರೇಕು ಹಿಡಿದು ಚಕ್ರ ಜಾರಿದ್ದರೆ ಚಕ್ರದ ಮೇಲೆ ಉಜ್ಜಿದ ಗುರುತು ಇರಬೇಕಲ್ಲ ಎಂದು ಬೆರಳಿನಿಂದ ಸವರಿ ಸವರಿ ಹುಡುಕಿದ. ಅಂಥ ಒಂದು ಗೀರು ಸಿಕ್ಕಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಲೋಳೆಯ ಮೇಲೆ ಜಾರಿದ ಚಕ್ರಕ್ಕೆ ಗೀರು ಎಲ್ಲಿಂದ ಬೀಳಬೇಕು! ಅಡಿಗೆ ಬೆಳಕು ಸಾಲದು ಅಂದಾಗ ಟಾರ್ಚ್ ಹಿಡಿದವರು ಯಾರು ಅಂದುಕೊಂಡಿರಿ? ಬದರಿನಾಥರೇ. ಗಂಟೆಗಟ್ಟಲೆ ಮಂಡಿಯೂರಿ ಕೂತು, ಇಲ್ಲದ ತಪ್ಪನ್ನು ಅವನು ಹುಡುಕುವುದಕ್ಕೆ ಬೆಳಕು ತೋರಿಸಿದರು.

ಒಂದು ಸಲ ಅಡಿಯಿಂದಲೇ ವಜೀರನ ದನಿ ಬಂತು. "ಅಣ್ಣಾರ, ನಮ್ಮ ಹುಬ್ಬಳ್ಳಿ ಗ್ಯಾರೇಜಿನಾಗ ಆಯುಧಪೂಜಿಗೆ ಕುಂಬಳಕಾಯಿ ಒಡಿಯಾಂವ ನಾನ ಇದ್ದೆ ನೋಡ್ರಿ. ಸೇಠ್‌ಗೋಳು ವಜೀರನ ಕೈಲೆ ಒಡಸ್ರಿ ಅಂತಿದ್ರು. ಇಲ್ಲಿ ನಾವು ಪೂಜಿ ಇಲ್ದ ಗಾಡಿ ತಗದ್ವಿ. ಅದಕ್ಕ ಹಿಂಗಾತೇನ್ರಿ?"

ಟಾರ್ಚಿನ ಬೆಳಕು ಇನ್ನೊಂದು ಚಕ್ರದ ಕಡೆಗೆ ಸರಿಯಿತು. "ಏನೇನೋ ತಲೆಗೆ ಹಚ್ಕೋಬೇಡ," ಅಂದರು ಬದರಿನಾಥರು.

ಊರು ಚಿಕ್ಕದು. ಮುದುಕನನ್ನು ಕೊಂದ ಬ್ರೇಕು ಇವನದ್ದೇ ಅಂತೆ ಎಂಬ ಮಾತು ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ, ಇಲ್ಲಿಯವರು ಡೇರಿ ಅನ್ನುವ ಮೂಲೆ ಅಂಗಡಿಯಲ್ಲಿ, ಕಡೆಗೆ ವಜೀರನ ಮಗಳ ಶಾಲೆಯ ಗೇಟಿನಲ್ಲೂ ಓಡಾಡಿತು. ಯಾರೂ ಮುಖದ ಮೇಲೆ ಹೇಳಲಿಲ್ಲ, ಬಹಳ ಸಭ್ಯ ಜನ. ತಮ್ಮ ಕಾರು, ಪಿಕಪ್ ಗಾಡಿಗಳನ್ನು ಸುಮ್ಮನೆ ಬೇರೆ ಗ್ಯಾರೇಜಿಗೆ ಬಿಟ್ಟರು. ಆದರೆ ವಜೀರನನ್ನು ಮುರಿದದ್ದು ಅದಲ್ಲ. ಬಂದ ಒಂದೆರಡು ಗಾಡಿಗಳ ಬ್ರೇಕ್ ಮುಟ್ಟಲು ಅವನಿಗೇ ಕೈ ಬರುತ್ತಿರಲಿಲ್ಲ. ಕೂಡಿಸಿದ್ದನ್ನು ಬಿಚ್ಚುತ್ತಿದ್ದ, ಮತ್ತೆ ಕೂಡಿಸುತ್ತಿದ್ದ, ಗಾಡಿ ಕೊಟ್ಟ ಮೇಲೂ ಹಿಂದೆಯೇ ಓಡಿ "ಇನ್ನೊಂದ್ಸಲ ನೋಡ್ತೀನಿ" ಎಂದು ತರಿಸಿಕೊಳ್ಳುತ್ತಿದ್ದ. ಕೊನೆಗೆ ಗ್ಯಾರೇಜು ಮುಚ್ಚಿದ. ದೂರದ ಹೆಂಡರ್ಸನ್ನಿನಲ್ಲಿ ಬಾಮೈದನ ಬಟ್ಟೆ ಅಂಗಡಿಯಿದೆ, ಅಲ್ಲಿ ಕೌಂಟರಿನಲ್ಲಿ ನಿಲ್ಲುತ್ತೇನೆ ಅಂದ. ಸ್ಪ್ಯಾನರ್ ಹಿಡಿದು ಹುಟ್ಟಿದವನ ಹಾಗಿದ್ದ ಮನುಷ್ಯ, ಇನ್ನು ಮೇಲೆ ದುಪಟ್ಟಾ ಮಡಚುತ್ತಾನೆ.

ಇತ್ತ ಸಂಘದವರು ಬೇರೆ ಊರಿನಿಂದ ಯಾರನ್ನೋ ಕರೆಸಿ ಹೊಸ ಬ್ರೇಕು ಹಾಕಿಸಿದರು. ವರ್ಷ ತುಂಬುತ್ತಾ ಬಂತು, ಮತ್ತೆ ಉದ್ಘಾಟನೆಗೆ ಒಂದು ಶನಿವಾರ ಗೊತ್ತಾಯಿತು. ಡ್ರೈವರ್ ಯಾರು ಎಂಬ ಚರ್ಚೆಯೇ ಇಲ್ಲ. ಪಾಪ ಬ್ಯಾರಿ, ಅವನದೇನು ತಪ್ಪು, ಟ್ರೆವರನ ಕೊನೆಯ ಆಸೆಯೂ ಅದೇ ಇತ್ತು ಅಂದರು. ಪೊರಿರುವಾದಿಂದ ಕನ್ನಡದವರು ಎರಡು ವ್ಯಾನು ಮಾಡಿಕೊಂಡು ಬರುವವರಿದ್ದರು. ಆ ಶನಿವಾರಕ್ಕೆ ಇನ್ನು ಆರು ದಿನ ಇದೆ ಅನ್ನುವಾಗ, ಭಾನುವಾರ ಮಧ್ಯಾಹ್ನ, ಊರು ಬಿಡುವ ಮುಂಚೆ ಹೇಳಿ ಹೋಗಲು ವಜೀರ್ ಹೆಂಡತಿ ನಜೀರಾಳ ಜೊತೆ ಬದರಿನಾಥರ ಮನೆಗೆ ಬಂದ.

ಬಹಳ ಇಳಿದುಹೋಗಿದ್ದ. ಸೋಫಾದ ತುದಿಯಲ್ಲಿ ಕೂತು ಅಂಗೈ ಉಜ್ಜಿಕೊಳ್ಳುತ್ತಿದ್ದ. ಚಂದ್ರಿಕಾ ಕಾಫಿ ತಂದರು. ಹವೆ, ಮಗಳ ಹೊಸ ಶಾಲೆ, ಹೆಂಡರ್ಸನ್ನಿನ ಬಾಡಿಗೆ ಮನೆ, ಎಲ್ಲ ಮಾತೂ ಆಯಿತು. ಆಮೇಲೆ ವಜೀರ್ ತಲೆಯೆತ್ತಿದ.

"ಅಣ್ಣಾರ, ಒಂದ್ ಮಾತು ಕೇಳಲೇನ್ರಿ? ವರ್ಷದಿಂದ ಕೇಳಬೇಕಂತೀನಿ, ಧೈರ್ಯ ಆಗವಲ್ದು. ಹಿಡಿ ನಿಮ್ಮ ಕೈಯಾಗಿತ್ತು. ನಿಮಗಷ್ಟ ಗೊತ್ತದು. ಖರೇ ಹೇಳ್ರಿ, ಬ್ರೇಕ್ ಹಿಡಿದಿತ್ತೋ, ಇಲ್ಲೋ?"

ಚಂದ್ರಿಕಾ ಟ್ರೇ ಹಿಡಿದುಕೊಂಡು ನಿಂತಲ್ಲೇ ನಿಂತರು.

ಹಿಡಿದಿತ್ತು. ಈ ಒಂದು ಮಾತು ಸಾಕಾಗಿತ್ತು. ಅವನ ಕೈ ಅವನಿಗೆ ವಾಪಸ್ ಬರುತ್ತಿತ್ತು, ಗ್ಯಾರೇಜಿನ ಬಾಗಿಲು ತೆರೆಯುತ್ತಿತ್ತು. ಬದರಿನಾಥರ ನಾಲಿಗೆಯ ತುದಿಗೂ ಅದು ಬಂತು, ಇಲ್ಲ ಅನ್ನಲಾರೆ. ಆದರೆ ಹಿಡಿದಿದ್ದರೆ ಜಾರಿದ್ದು ಯಾಕೆ ಎಂದು ಅವನು ಕೇಳುತ್ತಾನೆ. ಅವನು ಮೆಕ್ಯಾನಿಕ್, ಕೇಳದೆ ಬಿಡುತ್ತಾನೆಯೇ? ಆಮೇಲೆ ಶನಿವಾರ ಇರುವುದಿಲ್ಲ. ವ್ಯಾನುಗಳು ಬರುವುದಿಲ್ಲ. ಕುಂಬಳಕಾಯಿ ಒಡೆದು ಟ್ರೆವರನನ್ನು ಕೊಂದ ಬಸ್ ಡ್ರೈವರ್ ಎಂದು ಮೈಸೂರಿನವರೆಗೂ ಸುದ್ದಿ ಮುಟ್ಟುತ್ತದೆ. ಬದರಿನಾಥರು ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟರು.

"ಹಿಡೀಲಿಲ್ಲ ಕಣಯ್ಯಾ," ಅಂದರು.

ವಜೀರ್ ನಿಧಾನವಾಗಿ ತಲೆಯಾಡಿಸಿದ. "ಆತ್ರಿ. ಛಲೋ ಆತು, ಹೇಳಿದ್ರಿ. ಇನ್ನ ಹುಡುಕೋದು ಮುಗೀತು." ಎದ್ದು ಬಂದು ಬದರಿನಾಥರ ಎರಡೂ ಕೈಗಳನ್ನು ಹಿಡಿದುಕೊಂಡ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಟ್ರೆವರ್ ಸಾಹೇಬ್ರನ್ನ ಕೊಂದೆ. ನಿಮ್ಮನ್ನೂ ಕೊಲ್ಲಾಂವ ಇದ್ದೆ. ಮಾಫ್ ಮಾಡ್ರಿ ಅಣ್ಣಾರ. ಇಷ್ಟ್ ಕೇಳಾಕ ಬಂದಿದ್ದೆ."

ಬದರಿನಾಥರು ಕೈ ಬಿಡಿಸಿಕೊಂಡು ಅವನ ಬೆನ್ನು ತಟ್ಟಿದರು. "ಬಿಡಯ್ಯಾ, ಅಳಬೇಡ. ನನ್ನ ಮನಸ್ಸಲ್ಲಿ ಏನೂ ಇಲ್ಲ. ನಿನ್ನನ್ನ ನಾನು ಎಂದೋ ಕ್ಷಮಿಸಿಬಿಟ್ಟಿದೀನಿ."

ನಜೀರಾ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಚಂದ್ರಿಕಾ ಕಡೆ ತಿರುಗಿದಳು. "ಇಂಥಾ ಮನಷ್ಯಾರು ಎಲ್ಲಿ ಸಿಗ್ತಾರ್ರಿ ಅಕ್ಕಾರ," ಅಂದಳು.

ಚಂದ್ರಿಕಾ ಟ್ರೇಯನ್ನು ಕೆಳಗಿಟ್ಟು, "ಹೌದಮ್ಮಾ," ಅಂದರು.